ಅಜ್ಜನ ಟ್ರಂಕಿನಲ್ಲಿ ಸಮುದ್ರದ ದಂಡೆ

ಪ್ರಶ್ನೆ: ಇಂಡಿ ತಾಲೂಕಿನ ನಮ್ಮ ಊರಲ್ಲಿ ಹಳೇ ಮಾಳಿಗೆ ಮನೆ ಕೆಡವುವಾಗ ಅಜ್ಜನ ಕಬ್ಬಿಣದ ಟ್ರಂಕು ಸಿಕ್ಕಿತು. ಹೊಲದ ಕಾಗದಪತ್ರಗಳ ಕೆಳಗೆ, ಬಿಳಿ ಅರಿವೆಯಲ್ಲಿ ಸುತ್ತಿಟ್ಟ ನಾಲ್ಕು ಚಿತ್ರದ ಕಾರ್ಡುಗಳಿದ್ದವು. ಒಂದರಲ್ಲಿ ಹಡಗು ನಿಂತ ಬಂದರು, ಅದರ ಹಿಂದೆ ಭಾರೀ ಎತ್ತರದ ಕಬ್ಬಿಣದ ಸೇತುವೆ. ಎರಡರಲ್ಲಿ ಸಮುದ್ರದ ದಂಡೆಗುಂಟ ಟೋಪಿ ಹಾಕಿದ ಗಂಡಸರು, ಛತ್ರಿ ಹಿಡಿದ ಹೆಂಗಸರು ಅಡ್ಡಾಡುತ್ತಿದ್ದಾರೆ. ನಾಲ್ಕನೆಯದು ಕಪ್ಪು-ಬಿಳುಪು, ಮಿರಿಮಿರಿ ಮಿಂಚುತ್ತದೆ. ಒಂದರ ಹಿಂದೆ ಪೆನ್ಸಿಲಿನಿಂದ ಏನೋ ಗೀಚಿದ್ದಾರೆ, ನಮ್ಮಲ್ಲಿ ಯಾರಿಗೂ ಓದಲು ಬರಲಿಲ್ಲ. ಅಜ್ಜ ದಂಡಿನಲ್ಲಿದ್ದ ಎಂದು ಅವ್ವ ಹೇಳುತ್ತಾಳೆ, ಅಷ್ಟೇ ಗೊತ್ತು. ಇವು ಎಲ್ಲಿಯವು, ಎಷ್ಟು ಹಳೆಯವು, ಸಮುದ್ರವನ್ನೇ ಕಾಣದ ನಮ್ಮ ಸೀಮೆಗೆ ಹೇಗೆ ಬಂದವು? ಮಾರಿದರೆ ಬೆಲೆ ಬರುತ್ತದೆಯೋ, ಇಟ್ಟುಕೊಳ್ಳಬೇಕೋ? ಫೋಟೋ ಕಳಿಸಿದ್ದೇನೆ.
(ಇಂಡಿ ತಾಲೂಕಿನ ಓದುಗರು)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬಂದರಿನ ಕಾರ್ಡು ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದ್ದು. ಛತ್ರಿಯ ಹೆಂಗಸರಿರುವ ಎರಡರಲ್ಲಿ ಒಂದು ಫ್ರಾನ್ಸಿನ ನೀಸ್, ಇನ್ನೊಂದು ಇಂಗ್ಲೆಂಡಿನ ಬ್ರೈಟನ್. ಮಿಂಚುವ ಕಪ್ಪು-ಬಿಳುಪಿನದು ಇಟಲಿಯ ನೇಪಲ್ಸ್. ನಾಲ್ಕೂ ಒಂದೇ ಅರಿವೆಯಲ್ಲಿದ್ದರೂ ಒಂದೇ ಕಾಲದವಲ್ಲ. ಮೊದಲ ಮೂರು ಮೊದಲನೆಯ ಮಹಾಯುದ್ಧದ ಆಸುಪಾಸಿನವು, ನಾಲ್ಕನೆಯದು ಎರಡನೆಯ ಮಹಾಯುದ್ಧದ ಹೊತ್ತಿನದು. ಅಂದರೆ ನಿಮ್ಮ ಮನೆಯಲ್ಲಿ ಎರಡು ತಲೆಮಾರಿನವರು ಇವನ್ನು ಕಾಪಾಡಿಕೊಂಡು ಬಂದಿದ್ದಾರೆ. ಮಾರಬೇಡಿ. ಕಾರಣವನ್ನು ಒಂದೊಂದಾಗಿ ಹೇಳುತ್ತೇನೆ.

ಫೋಟೋ ನೋಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚಿತ್ರವಲ್ಲ, ಕಾರ್ಡಿನ ನಡುಭಾಗ. ನಮ್ಮ ಕಡೆಯ ಮನೆಗಳಲ್ಲಿ ಬಂದ ಕಾಗದಗಳನ್ನು ಬಾಗಿಸಿದ ಒಂದು ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುವ ರೂಢಿ ಇತ್ತು. ಬೀಗರ ಕಾರ್ಡು, ಮದುವೆಯ ಅರಿಶಿನ ಹಚ್ಚಿದ ಕಾರ್ಡು, ಸೊಸೈಟಿಯ ನೋಟೀಸು, ಎಲ್ಲವೂ ಅದೇ ತಂತಿಗೆ. ಹಾಗಾಗಿ ವಿಜಯಪುರ (ಆಗಿನ ಬಿಜಾಪುರ) ಜಿಲ್ಲೆಯ ಹಳೆಯ ಮನೆಗಳಲ್ಲಿ ಸಿಗುವ ಬಹಳಷ್ಟು ಕಾರ್ಡುಗಳ ನಡುವೆ ತೂತು ಇರುತ್ತದೆ. ನಿಮ್ಮ ನಾಲ್ಕರಲ್ಲಿ ಒಂದಕ್ಕೂ ತೂತಿಲ್ಲ. ಯಾರೋ ಇವನ್ನು ತಂತಿಗೆ ಚುಚ್ಚದೆ, ಬೇರೆ ತೆಗೆದು, ಅರಿವೆಯಲ್ಲಿ ಸುತ್ತಿ, ಹೊಲದ ಕಾಗದಗಳ ಜೊತೆ ಇಟ್ಟಿದ್ದಾರೆ. ಹೊಲಕ್ಕೆ ಕೊಟ್ಟ ಮರ್ಯಾದೆಯನ್ನೇ ಇವಕ್ಕೂ ಕೊಟ್ಟಿದ್ದಾರೆ. ಈ ಒಂದು ಸಂಗತಿ ಪೇಟೆಯ ಯಾವ ಬೆಲೆಗಿಂತಲೂ ದೊಡ್ಡದು.

ಈಗ ಕಾಲದ ಮಾತು. ಕಾರ್ಡು ಎಂಬ ವಸ್ತುವೇ ತೀರಾ ಹಳೆಯದಲ್ಲ. ಲಕೋಟೆಯಿಲ್ಲದೆ, ಬರಿಯ ರಟ್ಟಿನ ಮೇಲೆ ನಾಲ್ಕು ಸಾಲು ಬರೆದು ಕಳಿಸುವ ಕ್ರಮವನ್ನು 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯ ಅಂಚೆ ಇಲಾಖೆ ಶುರುಮಾಡಿತು. ಮರುವರ್ಷ ಇಂಗ್ಲೆಂಡು ಹಿಡಿದುಕೊಂಡಿತು. ನಮ್ಮಲ್ಲಿ 1879ರ ಜುಲೈ 1ರಂದು ಕಾಲಾಣೆ ಕಾರ್ಡು ಬಂತು. ಅದು ಬಂದ ಮೇಲೆ ಹಳ್ಳಿಯ ಬಡವನಿಗೂ ಟಪಾಲು ಕೈಗೆಟುಕಿತು. ಈ ನಡುವೆ, 1874ರಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದಲ್ಲಿ ದೇಶದೇಶಗಳ ಅಂಚೆ ಒಕ್ಕೂಟ ಹುಟ್ಟಿತು. ಭಾರತ 1876ರಲ್ಲಿ ಅದನ್ನು ಸೇರಿತು. ಒಂದು ದೇಶದ ಚೀಟಿ ಹಚ್ಚಿದ ಕಾರ್ಡನ್ನು ಇನ್ನೊಂದು ದೇಶ ತಕರಾರಿಲ್ಲದೆ ಮುಟ್ಟಿಸಬೇಕು ಎಂಬುದು ಅದರ ಕರಾರು. ಬ್ರೈಟನ್ನಿನಲ್ಲಿ ಡಬ್ಬಿಗೆ ಹಾಕಿದ ಕಾರ್ಡು ಇಂಡಿಗೆ ಬಂದು ಮುಟ್ಟಿದ್ದು ಆ ಕರಾರಿನ ಬಲದಿಂದ.

ಮೊದಮೊದಲು ಕಾರ್ಡಿನ ಒಂದು ಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಚಿತ್ರ ಅಚ್ಚಾದ ಮೇಲೂ ನಿಯಮ ಹಾಗೇ ಇತ್ತು. ಮಾತು ಬರೆಯಬೇಕೆಂದರೆ ಚಿತ್ರದ ಅಂಚಿನಲ್ಲಿ ಉಳಿದ ಬೆರಳಗಲ ಜಾಗದಲ್ಲೇ ತುರುಕಬೇಕಿತ್ತು. 1902ರಲ್ಲಿ ಇಂಗ್ಲೆಂಡು ಹಿಂಬದಿಯ ನಡುವೆ ಗೆರೆ ಎಳೆಯಲು ಒಪ್ಪಿತು: ಎಡಕ್ಕೆ ಮಾತು, ಬಲಕ್ಕೆ ವಿಳಾಸ. ಫ್ರಾನ್ಸು 1903ರ ಕೊನೆಗೆ, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಅದೇ ದಾರಿ ಹಿಡಿದವು. ಹಳೆಯ ಕಾರ್ಡು ಕೈಗೆ ಬಂದಾಗ ಮೊದಲು ತಿರುವಿ ನೋಡಬೇಕಾದದ್ದು ಈ ಗೆರೆಯನ್ನು. ನಿಮ್ಮ ಮೂರೂ ಹಳೆಯ ಕಾರ್ಡುಗಳ ಹಿಂದೆ ಗೆರೆ ಇದೆ. ಆದ್ದರಿಂದ ಫ್ರಾನ್ಸಿನ ಎರಡು 1903ರ ಕೊನೆಗಿಂತ ಹಿಂದಿನವಲ್ಲ, ಬ್ರೈಟನ್ನಿನದು 1902ಕ್ಕಿಂತ ಹಿಂದಿನದಲ್ಲ.

ಇನ್ನೊಂದು ತುದಿಯನ್ನು ಚಿತ್ರವೇ ಹೇಳುತ್ತದೆ. ಮಾರ್ಸೇಲ್ಸ್ ಕಾರ್ಡಿನ ಆ ಎತ್ತರದ ಕಬ್ಬಿಣದ ಸೇತುವೆ ಸಾಮಾನ್ಯ ಸೇತುವೆಯಲ್ಲ. ಹಡಗಿನ ಪಟಸ್ತಂಭಗಳು ಕೆಳಗೆ ಹಾದುಹೋಗಲಿ ಎಂದು ಅದನ್ನು ಮುಗಿಲೆತ್ತರಕ್ಕೆ ಕಟ್ಟಿ, ಅದರಿಂದ ಉಕ್ಕಿನ ಹಗ್ಗಗಳಲ್ಲಿ ಒಂದು ತೊಟ್ಟಿಲನ್ನು ಇಳಿಬಿಟ್ಟಿದ್ದರು. ಜನರೂ ಗಾಡಿಗಳೂ ಆ ತೊಟ್ಟಿಲಲ್ಲಿ ನಿಂತು ಈ ದಂಡೆಯಿಂದ ಆ ದಂಡೆಗೆ ತೇಲಿದಂತೆ ಹೋಗುತ್ತಿದ್ದರು. ಅದು ತಯಾರಾದದ್ದು 1905ರಲ್ಲಿ. 1944ರಲ್ಲಿ ಜರ್ಮನ್ ಸೈನ್ಯ ಸಿಡಿಸಿತು. ಹಾಗಾಗಿ ಈ ಕಾರ್ಡಿನ ಚಿತ್ರ 1905 ಮತ್ತು 1944ರ ನಡುವಿನದೇ. ಚಿತ್ರದ ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ಎಲ್.ಎಲ್. ಎಂಬ ಎರಡು ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇವೆ ನೋಡಿ. ಅದು ಪ್ಯಾರಿಸ್ಸಿನ ಲೆವಿ ಎಂಬ ಫೋಟೋ ಮನೆತನದ ಗುರುತು. ಆ ಅಂಕಿ ಆ ಊರಿನ ಚಿತ್ರಮಾಲೆಯಲ್ಲಿ ಇದರ ಸರದಿ.

ನೀಸ್ ಕಾರ್ಡಿನಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಗುಮ್ಮಟದ ಕಟ್ಟಡವೊಂದಿದೆ. ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಆ ವಿನೋದಗೃಹ 1891ರಲ್ಲಿ ತೆರೆಯಿತು. ಅದರ ಲೋಹವನ್ನು ಯುದ್ಧಕ್ಕೆಂದು ಜರ್ಮನ್ನರು 1944ರಲ್ಲಿ ಕಿತ್ತುಕೊಂಡು ಹೋದರು. ಈಗ ಅಲ್ಲಿ ಬರಿಯ ನೀರು. ಆದರೆ ಕಾಲವನ್ನು ಇನ್ನಷ್ಟು ಹತ್ತಿರಕ್ಕೆ ತರುವುದು ಅಡ್ಡಾಡುವವರ ಉಡುಗೆ. ಹೆಂಗಸರ ಲಂಗಗಳು ನೆಲ ಗುಡಿಸುತ್ತಿವೆ, ರಸ್ತೆಯಲ್ಲಿ ಕುದುರೆ ಸಾರೋಟುಗಳೇ ಇವೆ, ಒಂದೂ ಮೋಟಾರು ಕಾಣುವುದಿಲ್ಲ. ಮೊದಲನೆಯ ಮಹಾಯುದ್ಧ ಶುರುವಾದ ಮೇಲೆ ಯುರೋಪಿನ ಹೆಂಗಸರ ಲಂಗ ಹಿಮ್ಮಡಿಗಿಂತ ಮೇಲೆ ಹೋಯಿತು, ಮತ್ತೆ ನೆಲಕ್ಕೆ ಇಳಿಯಲಿಲ್ಲ. ಆದ್ದರಿಂದ ಚಿತ್ರ ತೆಗೆದದ್ದು 1914ಕ್ಕಿಂತ ಮುಂಚೆ ಎನ್ನಬಹುದು. ಚಿತ್ರ ತೆಗೆದ ಕಾಲ ಬೇರೆ, ಕಾರ್ಡು ಕೊಂಡ ಕಾಲ ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಅಂಗಡಿಯವರು ಹಳೆಯ ಚಿತ್ರವನ್ನೇ ವರ್ಷಗಟ್ಟಲೆ ಮಾರುತ್ತಿದ್ದರು.

ಬ್ರೈಟನ್ ಕಾರ್ಡಿನಲ್ಲಿ ಕಾಣುವುದು ಪಶ್ಚಿಮದ ಪಿಯರ್. ಪಿಯರ್ ಎಂದರೆ ದಂಡೆಯಿಂದ ಸಮುದ್ರದೊಳಕ್ಕೆ ಕಬ್ಬಿಣದ ಕಂಬಗಳ ಮೇಲೆ ಹಾಸಿದ ಹಲಗೆಯ ದಾರಿ. ನೀರು ಮುಟ್ಟದೆ, ಹಡಗು ಹತ್ತದೆ, ಸಮುದ್ರದ ಮೇಲೆ ನಡೆದು ಬರುವ ಏರ್ಪಾಡು. 1866ರಲ್ಲಿ ತೆರೆದ ಇದನ್ನು 1975ರಲ್ಲಿ ಮುಚ್ಚಿದರು. 2003ರಲ್ಲಿ ಬೆಂಕಿಗೆ ಬಲಿಯಾಯಿತು. ಈಗ ಕಬ್ಬಿಣದ ಅಸ್ಥಿಪಂಜರವಷ್ಟೇ ನೀರಿನಲ್ಲಿ ನಿಂತಿದೆ. ಒಂದು ಸಲ ಮೂರೂ ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡಿ. ಮಾರ್ಸೇಲ್ಸಿನ ಸೇತುವೆ, ನೀಸಿನ ಗುಮ್ಮಟ, ಬ್ರೈಟನ್ನಿನ ಪಿಯರ್: ಟನ್ನುಗಟ್ಟಲೆ ಕಬ್ಬಿಣದಲ್ಲಿ ಕಟ್ಟಿದ ಮೂರೂ ಹೋದವು. ಅಂಗೈಯಗಲದ ರಟ್ಟು ಇಂಡಿ ತಾಲೂಕಿನ ಮಾಳಿಗೆಯ ಕೆಳಗೆ ಉಳಿಯಿತು.

ನೇಪಲ್ಸ್ ಕಾರ್ಡು ಬೇರೆ ಜಾತಿಯದು. ಹಿಂದೆ ಸಣ್ಣ ಅಕ್ಷರದಲ್ಲಿ ‘ವೆರಾ ಫೋಟೋಗ್ರಾಫಿಯಾ’ ಎಂದಿದೆ. ನಿಜವಾದ ಫೋಟೋ ಎಂದು ಅದರ ಅರ್ಥ. ಮೊದಲ ಮೂರು ಅಚ್ಚುಕೂಟದಲ್ಲಿ ಶಾಯಿಯಿಂದ ಅಚ್ಚಾದವು, ಇದು ಫೋಟೋ ಕಾಗದದ ಮೇಲೆ ಬೆಳಕಿನಿಂದ ಮೂಡಿದ್ದು. ವ್ಯತ್ಯಾಸ ಕಾಣಬೇಕೆಂದರೆ ಒಂದು ಭೂತಗನ್ನಡಿ ಹಿಡಿಯಿರಿ. ಅಚ್ಚಾದ ಕಾರ್ಡಿನಲ್ಲಿ ಚುಕ್ಕೆಗಳೋ, ಒಣಗಿದ ಕೆರೆಯ ಕೆಸರಿನಂಥ ಸಣ್ಣ ಬಿರುಕಿನ ಕಣಗಳೋ ಕಾಣುತ್ತವೆ. ಫೋಟೋ ಕಾರ್ಡಿನಲ್ಲಿ ಎಷ್ಟು ದೊಡ್ಡದು ಮಾಡಿದರೂ ಚುಕ್ಕೆ ಸಿಗುವುದಿಲ್ಲ, ಕಪ್ಪು ನುಣ್ಣಗೆ ಬಿಳುಪಿಗೆ ಇಳಿಯುತ್ತದೆ. ಓರೆಯಾಗಿ ಹಿಡಿದರೆ ಕಪ್ಪಿನ ಜಾಗದಲ್ಲಿ ಬೆಳ್ಳಿಯ ಹೊಳಪು ಮೂಡುತ್ತದೆ. ಕಾಗದದಲ್ಲಿರುವ ಬೆಳ್ಳಿಯೇ ವಯಸ್ಸಾದಂತೆ ಮೇಲೆ ಬರುವುದು. ನೀವು ಕಂಡ ‘ಮಿರಿಮಿರಿ’ ಅದೇ. ಇಂಥ ಇಟಾಲಿಯನ್ ಫೋಟೋ ಕಾರ್ಡುಗಳು 1930ರ ದಶಕದಿಂದ ಮುಂದೆ ಬಹಳ ಮಾರಾಟವಾದವು. ಚಿತ್ರದಲ್ಲಿರುವುದು ನೇಪಲ್ಸಿನ ಕಡಲಂಚಿನ ರಸ್ತೆ, ವಿಯಾ ಕರಾಚೊಲೊ. ದೂರದಲ್ಲಿ ವೆಸೂವಿಯಸ್ ಬೆಟ್ಟ.

ಬಣ್ಣದ ಬಗ್ಗೆ ಒಂದು ಮಾತು. ನೀಸ್ ಕಾರ್ಡಿನ ಆಕಾಶದ ನೀಲಿ, ಛತ್ರಿಯ ಕೆಂಪು ಕ್ಯಾಮೆರಾ ಕಂಡ ಬಣ್ಣಗಳಲ್ಲ. ಫೋಟೋ ಕಪ್ಪು-ಬಿಳುಪಿನದು, ಅಚ್ಚುಕೂಟದ ಕೆಲಸಗಾರ ತನಗೆ ತೋಚಿದ ಬಣ್ಣ ತುಂಬಿದ. ಆ ಕೆಲಸದಲ್ಲಿ ಜರ್ಮನಿಯ ಲೈಪ್ಜಿಗ್, ಡ್ರೆಸ್ಡೆನ್ ಕಡೆಯ ಅಚ್ಚುಕೂಟಗಳಿಗೆ ಸಮನಾದವರು ಇರಲಿಲ್ಲ. ಇಂಗ್ಲೆಂಡಿನ ಅಂಗಡಿಯ ಕಾರ್ಡುಗಳೂ ಬಹಳಷ್ಟು ಅಲ್ಲಿಯೇ ಅಚ್ಚಾಗುತ್ತಿದ್ದವು. 1914ರಲ್ಲಿ ಯುದ್ಧ ಬಂದಾಗ ಆ ದಾರಿ ಕಡಿಯಿತು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಮುದ್ರಣಾಲಯಕ್ಕೂ ಜರ್ಮನ್ ಕುಶಲಕರ್ಮಿಗಳೇ ಬಂದಿದ್ದರು. ನಿಮ್ಮ ದೇವರ ಜಗಲಿಯಲ್ಲಿ ಹಳೆಯ ಲಕ್ಷ್ಮಿಯ ಪಟ ಇದ್ದರೆ ಅದರ ಪಕ್ಕದಲ್ಲಿ ಈ ಕಾರ್ಡು ಹಿಡಿದು ನೋಡಿ, ಬಣ್ಣ ಕೂರಿಸಿದ ಕೈಗಳ ಗುರುಪರಂಪರೆ ಒಂದೇ ಎಂಬುದು ಗೊತ್ತಾಗುತ್ತದೆ.

ಸಮುದ್ರದ ದಂಡೆಯಲ್ಲಿ ಇಷ್ಟು ಜನ ಯಾಕೆ ಸುಮ್ಮನೆ ಅಡ್ಡಾಡುತ್ತಾರೆ ಎಂದು ನಿಮಗೆ ಅನಿಸಿರಬೇಕು. ಭೀಮೆ, ಡೋಣಿ, ಕೃಷ್ಣೆ ಬಿಟ್ಟರೆ ಬೇರೆ ನೀರು ಕಾಣದ ನಮಗೆ ದಂಡೆ ಎಂದರೆ ಬಟ್ಟೆ ಒಗೆಯುವ, ಎತ್ತು ಮೈತೊಳೆಯುವ ಜಾಗ. ಇಂಗ್ಲೆಂಡಿನಲ್ಲಿ 18ನೆಯ ಶತಮಾನದಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಸಮುದ್ರದ ನೀರು, ಗಾಳಿ ಮೈಗೆ ಔಷಧ ಎಂದು ಹೇಳಿದ ಮೇಲೆ ಬ್ರೈಟನ್ನಿಗೆ ಶ್ರೀಮಂತರು ಬರಹತ್ತಿದರು. 1841ರಲ್ಲಿ ಲಂಡನ್ನಿನಿಂದ ರೈಲು ಬಂತು, ಆಮೇಲೆ ಗಿರಣಿ ಕೆಲಸಗಾರರೂ ಒಂದು ದಿನದ ಸೂಟಿಗೆ ಬಂದರು. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್ ಎಂಬಾತ ಅದೇ ಊರಿನಲ್ಲಿ ಹಬೆಸ್ನಾನ, ಎಣ್ಣೆ ತಿಕ್ಕುವ ಮನೆ ನಡೆಸಿ ಹೆಸರಾದ. ಇಂಗ್ಲಿಷಿನಲ್ಲಿ ‘ಶಾಂಪೂ’ ಎಂಬ ಮಾತು ಓಡಾಡಲು ಅವನ ಪಾಲೂ ಇದೆ.

ನೀಸಿನ ದಂಡೆದಾರಿಯ ಕಥೆ ನಮ್ಮ ಸೀಮೆಯವರ ಮನಸ್ಸಿಗೆ ಇನ್ನೂ ಹತ್ತಿರದ್ದು. ಅದರ ಹೆಸರು ‘ಇಂಗ್ಲಿಷರ ಅಡ್ಡಾಟದ ದಾರಿ’. 1820ರ ದಶಕದಲ್ಲಿ ಒಂದು ಕಟು ಚಳಿಗಾಲದ ಬಳಿಕ ಕೆಲಸವಿಲ್ಲದ ಬಡವರು ಊರು ತುಂಬಿದಾಗ, ಅಲ್ಲಿ ಚಳಿ ಕಳೆಯಲು ಬಂದಿದ್ದ ಇಂಗ್ಲಿಷರು ಹಣ ಕೂಡಿಸಿ ಅವರಿಂದ ಆ ದಾರಿ ಹಾಕಿಸಿದರು. ಅಂದರೆ ನಾವು ಬರಗಾಲದ ಕಾಮಗಾರಿ ಎನ್ನುತ್ತೇವಲ್ಲ, ಅಂಥದ್ದೇ. 1876–78ರ ದೊಡ್ಡ ಬರದಲ್ಲಿ ಬಿಜಾಪುರ ಸೀಮೆ ಬೆಂದುಹೋಯಿತು. ಇನ್ನೊಮ್ಮೆ ಹಾಗಾದರೆ ಕಾಳು ಸಾಗಿಸಲು ದಾರಿ ಬೇಕು ಎಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿನವರೆಗೆ ಹಳಿ ಬಿತ್ತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳಿರುವುದು ಆ ಹಳಿಯ ಮೇಲೆಯೇ. ನೀಸಿನ ಚಿತ್ರ ನಿಮ್ಮೂರಿಗೆ ಬಂದ ದಾರಿಯೂ ಅದೇ. ಅಲ್ಲಿಯ ದಾರಿಯನ್ನು ಹಸಿದವರು ಹಾಕಿದರು, ಇಲ್ಲಿಯ ಹಳಿಯನ್ನು ಹಸಿವು ಹಾಕಿಸಿತು.

ಕಾರ್ಡು ಬಂದ ದಾರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಮಾರ್ಸೇಲ್ಸಿನಲ್ಲಿ ಟಪಾಲು ಹಡಗು ಹತ್ತಿ, ಪೋರ್ಟ್ ಸೈದ್ ಮುಟ್ಟಿ, 1869ರಲ್ಲಿ ತೆರೆದ ಸುಯೆಜ್ ಕಾಲುವೆ ದಾಟಿ, ಏಡನ್ನಿನ ಮೇಲೆ ಮುಂಬೈಗೆ ಬರಬೇಕು. ಮುಂಬೈಯಿಂದ ಸೊಲ್ಲಾಪುರ, ಹೋಟಗಿಯಲ್ಲಿ ಸಣ್ಣ ಹಳಿಯ ಗಾಡಿ, ಇಂಡಿ ರೋಡಿನಲ್ಲಿ ಚೀಲ ಇಳಿಯಬೇಕು. ಅಲ್ಲಿಂದ ಊರಿಗೆ ಕಾಲುದಾರಿ. ಸಿಂದಗಿ, ಮುದ್ದೇಬಿಹಾಳದ ಕಡೆಗೆ ರೈಲೂ ಇರಲಿಲ್ಲ, ಟಪಾಲಿನ ಚೀಲ ರಸ್ತೆಯಲ್ಲೇ ಹೋಗಬೇಕಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕು ಆಗ ಮುಂಬೈ ಪ್ರಾಂತ್ಯದವು. ಆದ್ದರಿಂದ ಈ ಭಾಗಕ್ಕೆ ಸಮುದ್ರದ ಬಾಗಿಲು ಎಂದರೆ ಮುಂಬೈ. ಹೊಟ್ಟೆಪಾಡಿಗೆ, ಓದಿಗೆ, ದಂಡಿಗೆ ಹೋದವರು ಆ ಬಾಗಿಲಿನಿಂದಲೇ ಹೋದರು.

ಈಗ ನಿಮ್ಮ ಮುಖ್ಯ ಪ್ರಶ್ನೆ: ತಂದವರು ಯಾರು? ನಮ್ಮ ಸೀಮೆಗೆ ಇಂಥ ಕಾರ್ಡು ಬರಲು ಮೂರು ದೊಡ್ಡ ದಾರಿಗಳಿದ್ದವು.

ಮೊದಲನೆಯದು ದಂಡು. 1914ರ ಸೆಪ್ಟೆಂಬರ್ 26ರಂದು ಭಾರತದ ಸೈನ್ಯದ ಮೊದಲ ತುಕಡಿಗಳು ಇಳಿದದ್ದು ಇದೇ ಮಾರ್ಸೇಲ್ಸ್ ಬಂದರಿನಲ್ಲಿ. ಪುಣೆ ಬಳಿಯ ಖಡಕಿಯ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್) ಪಡೆಯವರು ಅದೇ ವರ್ಷದ ಅಕ್ಟೋಬರಿನಲ್ಲಿ ನವ್ ಶಾಪೆಲ್ ಎಂಬಲ್ಲಿ ಹೋರಾಡಿದರು. ಗಾಯಗೊಂಡ ಭಾರತೀಯರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿ ಬ್ರೈಟನ್ನಿಗೆ ಕರೆತಂದರು. ಅಲ್ಲಿಯ ರಾಜರ ಅರಮನೆ, ಗುಮ್ಮಟ-ಮಿನಾರುಗಳಿರುವ ರಾಯಲ್ ಪೆವಿಲಿಯನ್, 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿತ್ತು. ಜಾತಿ-ಧರ್ಮದ ಕಟ್ಟಳೆಗೆ ತಕ್ಕಂತೆ ಅಲ್ಲಿ ಒಂಬತ್ತು ಬೇರೆಬೇರೆ ಅಡಿಗೆಮನೆಗಳಿದ್ದವು. ಆ ಅರಮನೆ, ಅದರೊಳಗಿನ ಹಾಸಿಗೆಗಳ ಸಾಲು, ಪೇಟ ಸುತ್ತಿದ ರೋಗಿಗಳು, ಎಲ್ಲವೂ ಚಿತ್ರದ ಕಾರ್ಡುಗಳಾಗಿ ಅಚ್ಚಾದವು. ಅಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಯೋಧರನ್ನು ಊರ ಹೊರಗಿನ ಗುಡ್ಡದ ಮೇಲೆ ಸುಟ್ಟರು. ಆ ಜಾಗದಲ್ಲಿ 1921ರಲ್ಲಿ ಎದ್ದ ಬಿಳಿಯ ಅಮೃತಶಿಲೆಯ ಮಂಟಪಕ್ಕೆ ‘ಛತ್ರಿ’ ಎಂದೇ ಹೆಸರು.

ಈ ದಂಡಿನ ದಾರಿಯಲ್ಲೇ ಎರಡನೆಯ ಮಹಾಯುದ್ಧದ ಕಥೆ ನಮಗೆ ಇನ್ನೂ ಹತ್ತಿರದ್ದು. ಮರಾಠಾ ಪದಾತಿ ಪಲ್ಟಣದ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಆ ಪಲ್ಟಣದ ತುಕಡಿಗಳು 1943ರಿಂದ 1945ರವರೆಗೆ ಇಟಲಿಯಲ್ಲಿ ಕಾದಾಡಿದವು. ಅದೇ ಪಲ್ಟಣದ ಯಶವಂತ ಘಾಡಗೆ 1944ರ ಜುಲೈಯಲ್ಲಿ, ನಾಮದೇವ ಜಾಧವ 1945ರ ಏಪ್ರಿಲ್‌ನಲ್ಲಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಅಲ್ಲಿಯೇ. ನೇಪಲ್ಸ್ ಮಿತ್ರಪಕ್ಷಗಳ ಕೈಗೆ ಬಂದದ್ದು 1943ರ ಅಕ್ಟೋಬರ್ 1ರಂದು. ಆಮೇಲೆ ಆ ಬಂದರೇ ಸೈನ್ಯದ ದೊಡ್ಡ ಹೆಬ್ಬಾಗಿಲಾಯಿತು. ನಿಮ್ಮ ಅಜ್ಜ ದಂಡಿನಲ್ಲಿದ್ದರು ಎಂಬ ಅವ್ವನ ಮಾತಿಗೂ ಏನೂ ಬರೆಯದ ಈ ನೇಪಲ್ಸ್ ಕಾರ್ಡಿಗೂ ಸರಿಯಾಗಿ ತಾಳೆಯಾಗುತ್ತದೆ. ಬರೆಯದ ಕಾರ್ಡು ಕಳಿಸಲು ಕೊಂಡದ್ದಲ್ಲ, ನೆನಪಿಗೆ ಕಿಸೆಯಲ್ಲಿ ತಂದದ್ದು. ಟ್ರಂಕಿನಲ್ಲಿ ಕೆಂಪು, ಬಿಳಿ, ಹಸಿರು ಪಟ್ಟೆಯ ರಿಬ್ಬನ್ನಿನ ಜೊತೆ ಆರು ಮೂಲೆಯ ಕಂಚಿನ ನಕ್ಷತ್ರವಿದೆಯೇ ಹುಡುಕಿ. ಅದು ಇಟಲಿಯಲ್ಲಿ ಇದ್ದವರಿಗೆ ಕೊಟ್ಟ ಪದಕ. ಮೊದಲನೆಯ ಯುದ್ಧದ ದುಂಡು ಬೆಳ್ಳಿಯ ಪದಕ ಸಿಕ್ಕರಂತೂ ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ. ಸಿಪಾಯಿಯ ನಂಬರು, ಹೆಸರು, ಪಲ್ಟಣ ಅಲ್ಲಿ ಕೊರೆದಿರುತ್ತದೆ. ಮುತ್ತಜ್ಜನೂ ದಂಡಿಗೆ ಹೋಗಿದ್ದನೇ ಎಂಬುದು ಆ ಅಂಚಿನಲ್ಲೇ ತೀರ್ಮಾನವಾಗುತ್ತದೆ.

ಎರಡನೆಯ ದಾರಿ ಓದು ಮತ್ತು ನೌಕರಿ. ವಿಲಾಯತಿಗೆ ಓದಲು ಹೋದವರು ಕಡಿಮೆ, ಆದರೆ ಹೋದವರು ಬರೆಯದೆ ಇರಲಿಲ್ಲ. ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋದಾಗಿನ ಅನುಭವ ‘ಸಮುದ್ರದಾಚೆಯಿಂದ’ ಎಂಬ ಪುಸ್ತಕವಾಯಿತು. ಪುಸ್ತಕ ಬರೆಯದ ಎಷ್ಟೋ ವಿದ್ಯಾರ್ಥಿಗಳು, ಕಾರಕೂನರು ಒಂದೊಂದು ಕಾರ್ಡು ಬರೆದರು.

ಮೂರನೆಯದು ಮಿಶನ್. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಶನ್ನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದ ಬಳಿಕ ಬಿಜಾಪುರದಲ್ಲೂ ಕೇಂದ್ರ ತೆರೆದರು. ಅವರಿಗೆ ತವರಿನಿಂದ ಚಿತ್ರದ ಕಾರ್ಡುಗಳು ಬರುತ್ತಿದ್ದವು, ಆ ಕಾರ್ಡುಗಳು ಶಾಲೆಯ ಮಕ್ಕಳ ಕೈಗೂ ಸೇರುತ್ತಿದ್ದವು. 1914ರ ಬಳಿಕ ಜರ್ಮನ್ ಪಾದ್ರಿಗಳನ್ನು ಸರಕಾರ ಅಹಮದನಗರದ ಶಿಬಿರಕ್ಕೆ ಒಯ್ದಾಗ ಆ ದಾರಿ ನಿಂತಿತು.

ಯುರೋಪಿನಂತೆ ಕಾಣುವ ಎಲ್ಲ ದಂಡೆಯೂ ಯುರೋಪಿನದಲ್ಲ ಎಂಬುದೂ ನೆನಪಿರಲಿ. 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಪುದುಚೇರಿಯ ಕಡಲಂಚಿನ ಬೀದಿಗೂ ಫ್ರೆಂಚ್ ಭಾಷೆಯ ಚಿತ್ರದ ಕಾರ್ಡುಗಳಿದ್ದವು. ಹಲಸಂಗಿಯ ಕವಿ ಮಧುರಚೆನ್ನರು ಶ್ರೀ ಅರವಿಂದರ ಭಕ್ತರಾಗಿ ಪುದುಚೇರಿಯ ನಂಟು ಬೆಳೆಸಿದವರು. ಆ ಸುತ್ತಿನ ಮನೆಗಳಲ್ಲಿ ಫ್ರೆಂಚ್ ಅಕ್ಷರದ ಕಾರ್ಡು ಸಿಕ್ಕರೆ ಪ್ಯಾರಿಸ್ಸಿನದೆಂದು ಹೇಳುವ ಮುಂಚೆ ಊರಿನ ಹೆಸರು ಓದಿ.

ಈಗ ಬ್ರೈಟನ್ ಕಾರ್ಡಿನ ಹಿಂಬದಿಗೆ ಬರುತ್ತೇನೆ. ನಾಲ್ಕರಲ್ಲಿ ಬರೆದದ್ದು ಇದೊಂದೇ. ಬಲಗಡೆ ಇಂಗ್ಲಿಷಿನಲ್ಲಿ ‘ತಾಲೂಕಾ ಇಂಡಿ, ಜಿಲ್ಲಾ ಬಿಜಾಪುರ’ ಎಂಬ ವಿಳಾಸ. ಎಡಗಡೆ ಪೆನ್ಸಿಲಿನ ಐದು ಸಾಲು. ನೀವು ಗೀಚಿದ್ದು ಎಂದುಕೊಂಡದ್ದು ಗೀಚಿದ್ದಲ್ಲ, ಅದು ಮೋಡಿ ಲಿಪಿ. ಕೈ ಎತ್ತದೆ ಸರಸರ ಬರೆಯುವ ಈ ಲಿಪಿ ಮರಾಠಿ ಲೆಕ್ಕಪತ್ರಗಳದು. ಮುಂಬೈ ಪ್ರಾಂತ್ಯದ ಕಾಲದ ಹಳೆಯ ಮನೆತನಗಳ ದಫ್ತರಗಳಲ್ಲಿ ನಮ್ಮ ಕಡೆ ಈಗಲೂ ಸಿಗುತ್ತದೆ. ಮೇಲ್ತುದಿಯಲ್ಲಿ ‘ಶ್ರೀ’ ಮಾತ್ರ ದೇವನಾಗರಿಯಲ್ಲಿ ಸ್ಪಷ್ಟವಾಗಿದೆ. ಸಮುದ್ರದ ಆಚೆ ಕೂತು, ಪಾಶ್ಚಾತ್ಯ ಹೆಂಗಸರು ಅಡ್ಡಾಡುವ ಚಿತ್ರದ ಹಿಂದೆ, ಮೊದಲು ‘ಶ್ರೀ’ ಬರೆದು ಆಮೇಲೆ ಮಾತು ಶುರುಮಾಡಿದ ಆ ಕೈಯನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಆದರೆ ಮೇಲಿನ ಮೂಲೆಯಲ್ಲಿ ಅಂಚೆಚೀಟಿ ಇಲ್ಲ. ಯಾರೋ ಕಿತ್ತಿದ್ದಾರೆ. ಚೀಟಿ ಕೂಡಿಹಾಕುವ ಹುಚ್ಚಿನಲ್ಲಿ ಮನೆಯ ಮಗುವೇ ಕಿತ್ತಿರಬೇಕು, ಹೀಗೆ ಎಲ್ಲ ಕಡೆ ಆಗಿದೆ. ಕಿತ್ತ ಚೀಟಿಯ ಜೊತೆ ಮುದ್ರೆಯ ಅರ್ಧ ಹೋಯಿತು. ಚೀಟಿ ಇದ್ದಿದ್ದರೆ ಅದರ ಮೇಲಿನ ಮುಖವೇ ಕಾಲ ಹೇಳುತ್ತಿತ್ತು: ಗಡ್ಡದ ಬೋಳುತಲೆಯ ಏಳನೆಯ ಎಡ್ವರ್ಡ್ ಆದರೆ 1910ರ ಸುಮಾರಿಗೆ ಮುಂಚಿನದು, ಐದನೆಯ ಜಾರ್ಜ್ ಆದರೆ ಆಮೇಲಿನದು. ಇನ್ನೂ ಒಂದು ಆಸೆ ಉಳಿದಿದೆ. ವಿಳಾಸದ ಬಳಿ ಮಸುಕಾದ ಒಂದು ದುಂಡು ಮುದ್ರೆ ಕಾಣುತ್ತಿದೆ. ಆಗ ಮುಟ್ಟಿದ ಊರಿನ ಅಂಚೆ ಕಚೇರಿಯೂ ತನ್ನ ಮುದ್ರೆ ಒತ್ತುತ್ತಿತ್ತು. ಬೆಳಗಿನ ಓರೆ ಬಿಸಿಲಿಗೆ ಅಡ್ಡಲಾಗಿ ಹಿಡಿದು, ಮೊಬೈಲಿನಲ್ಲಿ ನಾಲ್ಕು ಕೋನದಿಂದ ಫೋಟೋ ತೆಗೆಯಿರಿ. ಒತ್ತಿದ ಗುರುತಿನ ತಗ್ಗಿನಲ್ಲಿ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. ಇಂಡಿಯ ಟಪಾಲಿನವ ಒತ್ತಿದ ದಿನಾಂಕವೇ ನಿಮಗೆ ಸಿಗುವ ಗಟ್ಟಿ ಸಾಕ್ಷಿ.

ಬೆಲೆಯ ಮಾತು. ಈ ಬಗೆಯ ಬೀದಿ, ದಂಡೆಯ ಕಾರ್ಡುಗಳು ಯುರೋಪಿನಲ್ಲಿ ಕೋಟಿಗಟ್ಟಲೆ ಅಚ್ಚಾದವು. ಅಲ್ಲಿಯ ಹಳೇ ಸಾಮಾನಿನ ಸಂತೆಗಳಲ್ಲಿ ಇವತ್ತಿಗೂ ಡಬ್ಬಿ ತುಂಬ ಇಟ್ಟು ಮಾರುತ್ತಾರೆ. ಮಾರ್ಸೇಲ್ಸ್, ನೀಸ್ ಕಾರ್ಡುಗಳಿಗೆ ನಿಮಗೆ ಸಿಗುವುದು ಒಂದು ಊಟದ ದುಡ್ಡು ಅಷ್ಟೇ. ಬ್ರೈಟನ್ನಿನಿಂದ ಇಂಡಿಗೆ ಮೋಡಿಯಲ್ಲಿ ಬರೆದ ಕಾರ್ಡಿನ ಸಂಗತಿ ಬೇರೆ, ಅಂಥದ್ದು ಇನ್ನೊಂದು ಸಿಗುವುದಿಲ್ಲ. ಆದರೆ ಅದರ ನಿಜವಾದ ಗಿರಾಕಿ ನೀವೇ. ಲಂಡನ್ನಿನ ರಾಫೆಲ್ ಟಕ್ ಎಂಬ ಹೆಸರಾಂತ ಕಾರ್ಡು ಕಂಪನಿಯ ಮೂಲ ಚಿತ್ರಗಳೆಲ್ಲ 1940ರ ಡಿಸೆಂಬರ್ 29ರ ರಾತ್ರಿಯ ಬಾಂಬು ದಾಳಿಯಲ್ಲಿ ಸುಟ್ಟುಹೋದವು. ಅಂಥ ಕಂಪನಿಯ ಕೆಲಸವೂ ಇಂದು ಉಳಿದಿರುವುದು ಜನರು ಮನೆಯಲ್ಲಿ ಇಟ್ಟುಕೊಂಡ ಕಾರ್ಡುಗಳಲ್ಲಿ. ನಮ್ಮ ಬಿಜಾಪುರದ ಹಳೆಯ ಚಿತ್ರಗಳೂ ಹೀಗೇ ಉಳಿದಿವೆ. ಕರ್ನಲ್ ಬಿಗ್ಸ್ 1850ರ ದಶಕದಲ್ಲೇ ಅದರ ಕಟ್ಟಡಗಳ ಫೋಟೋ ತೆಗೆದ, ಆಮೇಲೆ ಗೋಳಗುಮ್ಮಟ, ಇಬ್ರಾಹಿಂ ರೋಜಾ ಚಿತ್ರದ ಕಾರ್ಡುಗಳಾಗಿ ಸಮುದ್ರ ದಾಟಿದವು. ಅವನ್ನು ಅಲ್ಲಿಯವರು ಕಾಪಾಡಿದ್ದರಿಂದಲೇ ನಮಗೆ ಅಂದಿನ ಬಿಜಾಪುರ ನೋಡಲು ಸಿಗುತ್ತದೆ.

ಇಡುವ ಬಗೆ ಹೇಳುತ್ತೇನೆ. ಲ್ಯಾಮಿನೇಶನ್ ಮಾಡಿಸಬೇಡಿ. ಮಾಡಿಸಿದರೆ ಮತ್ತೆ ಬಿಡಿಸಲಾಗದು, ಬಿಸಿಗೆ ಫೋಟೋ ಕಾರ್ಡು ಕೆಡುತ್ತದೆ. ಅಂಟಿನ ಟೇಪು ಹಚ್ಚಬೇಡಿ, ಅದು ಕೆಲವೇ ವರ್ಷಗಳಲ್ಲಿ ಹಳದಿ ಕಲೆಯಾಗುತ್ತದೆ. ನೀರು, ಒದ್ದೆ ಅರಿವೆ ಮುಟ್ಟಿಸಬೇಡಿ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಚಿತ್ರದ ಬದಿಗೆ ಬೆರಳು ತಾಗದಂತೆ ಅಂಚು ಹಿಡಿಯಿರಿ. ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಹಾಳೆ ಬೇಡ. ಒಂದೊಂದು ಕಾರ್ಡನ್ನು ಒಂದೊಂದು ಬಿಳಿ ಗಟ್ಟಿ ಕಾಗದದ ಲಕೋಟೆಯಲ್ಲಿಟ್ಟು, ರಟ್ಟಿನ ಪೆಟ್ಟಿಗೆಗೆ ಹಾಕಿ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. ಪತ್ರಾಸಿನ ಕೆಳಗೆ, ಅಟ್ಟದ ಮೇಲೆ ಇಟ್ಟರೆ ರಟ್ಟು ಒಣಗಿ ಮುರಿಯುತ್ತದೆ. ಹಳೇ ಮಾಳಿಗೆಯ ದಪ್ಪ ಮಣ್ಣು ಇಷ್ಟು ದಿನ ಅವನ್ನು ತಂಪಾಗಿ ಇಟ್ಟಿತ್ತು, ಹೊಸ ಮನೆಯಲ್ಲಿ ಆ ಕೆಲಸ ನಿಮ್ಮದು. ಮನೆಯ ಒಳಕೋಣೆ, ಬಿಸಿಲು ಬೀಳದ ಕಪಾಟು, ನೆಲದಿಂದ ಎತ್ತರದ ಅರೆ ಒಳ್ಳೆಯದು. ಒಣಗಿದ ಬೇವಿನ ಎಲೆ ಇಡುವುದಾದರೆ ಅರಿವೆಯ ಗಂಟಿನಲ್ಲಿ ಕಟ್ಟಿ ಪಕ್ಕದಲ್ಲಿಡಿ, ಕಾರ್ಡಿಗೆ ತಾಗಬಾರದು. ವರ್ಷಕ್ಕೆ ಎರಡು ಸಲ ಗೆದ್ದಲು ಬಂದಿದೆಯೇ ನೋಡಿ. ಸುತ್ತಿದ್ದ ಆ ಬಿಳಿ ಅರಿವೆಯನ್ನೂ ಎಸೆಯಬೇಡಿ, ಅದೂ ಕಥೆಯ ಭಾಗ.

ಇಂಡಿ, ಚಡಚಣದ ಕಡೆ ಸ್ಕ್ಯಾನರ್ ಇರುವ ಅಂಗಡಿಯಲ್ಲಿ ಎರಡೂ ಬದಿಯನ್ನು ಇಂಚಿಗೆ 600 ಚುಕ್ಕೆಯ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿಸಿ. ಹಿಂಬದಿಯನ್ನು ಬಿಡಬೇಡಿ, ನಿಮಗೆ ಬೇಕಾದದ್ದೆಲ್ಲ ಹಿಂಬದಿಯಲ್ಲೇ ಇದೆ. ಮೋಡಿ ಓದಬಲ್ಲ ಹಿರಿಯರು ಸೊಲ್ಲಾಪುರ, ಬೆಳಗಾವಿ, ಧಾರವಾಡದ ಕಡೆ ಇನ್ನೂ ಇದ್ದಾರೆ. ಅವರಿಗೆ ಸ್ಕ್ಯಾನ್ ಪ್ರತಿಯನ್ನು ತೋರಿಸಿ, ಮೂಲ ಕಾರ್ಡನ್ನು ಕೈಬಿಡಬೇಡಿ. ಅಜ್ಜನ ದಂಡಿನ ಪುಸ್ತಕವೋ ಪಿಂಚಣಿ ಕಾಗದವೋ ಸಿಕ್ಕು, ಅದರಲ್ಲಿ ಮರಾಠಾ ಪಲ್ಟಣದ ಹೆಸರಿದ್ದರೆ, ಆ ನಂಬರಿನೊಡನೆ ಬೆಳಗಾವಿಯ ಕೇಂದ್ರದ ದಾಖಲೆ ಕಚೇರಿಗೆ ಒಂದು ಅರ್ಜಿ ಬರೆಯಿರಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಇವತ್ತು ಸಂಜೆಯೇ ನಾಲ್ಕೂ ಕಾರ್ಡುಗಳನ್ನು ಅವ್ವನ ಮುಂದೆ ಹರಡಿ, ಮೊಬೈಲಿನಲ್ಲಿ ಧ್ವನಿಮುದ್ರಣ ಹಚ್ಚಿ ಕೂಡಿ. ಅಜ್ಜ ಯಾವ ವರ್ಷ ಊರಿಗೆ ಬಂದ, ಬಂದಾಗ ಏನು ತಂದ, ಯಾವ ಊರಿನ ಹೆಸರು ಹೇಳುತ್ತಿದ್ದ, ಮುತ್ತಜ್ಜನಿಗೆ ಮೋಡಿ ಬರುತ್ತಿತ್ತೇ, ಒಂದೊಂದಾಗಿ ಕೇಳಿ. ಅವಸರ ಮಾಡಬೇಡಿ, ನೆನಪು ತಡವಾಗಿ ಬರುತ್ತದೆ. ಆಮೇಲೆ ಒಂದು ಹಾಳೆಯಲ್ಲಿ, ಯಾವ ದಿನ, ಯಾವ ಟ್ರಂಕಿನಲ್ಲಿ, ಯಾವ ಕಾಗದದ ಕೆಳಗೆ ಇವು ಸಿಕ್ಕವು ಎಂದು ಬರೆದು ಪೆಟ್ಟಿಗೆಯಲ್ಲಿಡಿ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓದುಗರಿಗೂ ಇದೇ ಮಾತು. ಈಗ ಹಳೇ ಮಾಳಿಗೆಗಳು ಒಂದೊಂದಾಗಿ ಇಳಿಯುತ್ತಿವೆ, ಟ್ರಂಕಿನ ಕಾಗದ ಕಿಲೋ ಲೆಕ್ಕದಲ್ಲಿ ರದ್ದಿಯವರಿಗೆ ಹೋಗುತ್ತಿದೆ. ತೂಕಕ್ಕೆ ಹಾಕುವ ಮುಂಚೆ ಒಂದೊಂದನ್ನೂ ತಿರುವಿ ಹಿಂಬದಿ ನೋಡಿ. ಅಲ್ಲಿ ನಿಮ್ಮೂರಿನ ಹೆಸರು ಇದ್ದರೆ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ.